ಹೆಸರಿನಲ್ಲಿರುವ ಅಪ್ಪ, ಮನೆಯಲ್ಲಿರಬೇಕಾದ ಅಪ್ಪ



ಈ ಉಪನ್ಯಾಸದ ಹಿಂದಿರುವುದು ತಂದೆಯ ಹೆಸರಿನಲ್ಲಿ ಮಕ್ಕಳು ಇಟ್ಟ ದತ್ತಿ. ನಮ್ಮ ನಾಡಿನ ದತ್ತಿಗಳಲ್ಲಿ ಹೆಚ್ಚಿನವು ಇಂಥವೇ. ಹೆತ್ತವರು ತೀರಿಕೊಂಡ ಮೇಲೆ ಮಕ್ಕಳು ಕೈಲಾದಷ್ಟು ಹಣವನ್ನು ಇಡುಗಂಟಾಗಿ ಇಟ್ಟು, ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ನಾಲ್ಕು ಒಳ್ಳೆಯ ಮಾತು ನಡೆಯಲಿ ಎಂದು ಬಯಸುತ್ತಾರೆ. ಈ ಸಲ ‘ಕುಟುಂಬದಲ್ಲಿ ತಂದೆ’ ಎಂಬ ವಿಷಯ ಕೊಟ್ಟಾಗ ಸಂತೋಷದಿಂದ ಒಪ್ಪಿಕೊಂಡೆ. ತಾಯಿಯ ವಿಚಾರದಲ್ಲಿ ನಮ್ಮಲ್ಲಿ ಹಾಡಿಗೂ ಮಾತಿಗೂ ಬರವಿಲ್ಲ. ಅಪ್ಪನ ಬಗ್ಗೆ ಗೌರವ ಇದೆ, ಸ್ವಲ್ಪ ಹೆದರಿಕೆಯೂ ಇದೆ, ಮಾತು ಮಾತ್ರ ಕಡಿಮೆ.

ನಾಗಮಂಗಲ ತಾಲ್ಲೂಕಿನ ಈ ಬೆಳ್ಳೂರಿಗೆ ಬಂದವರು ಬಿ.ಎಂ.ಶ್ರೀ ಅವರನ್ನು ನೆನೆಯದೆ ಮಾತು ಶುರುಮಾಡುವಂತಿಲ್ಲ. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ. 1884ರಲ್ಲಿ ಹುಟ್ಟಿ, 1946ರಲ್ಲಿ ತೀರಿಕೊಂಡ ಈ ಮಹನೀಯರ ಹೆಸರಿನಲ್ಲಿ ಮೊದಲು ಈ ಊರಿದೆ, ಆಮೇಲೆ ಅವರ ತಂದೆ ಇದ್ದಾರೆ. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರಾಗಿದ್ದವರು. ಇಲ್ಲಿಂದ ಕೃಷ್ಣರಾಜಪೇಟೆ ಕಡೆಗೆ ಹೋದರೆ ಕಿಕ್ಕೇರಿ ಸುಬ್ಬರಾವ್ ನರಸಿಂಹಸ್ವಾಮಿ, ಪಾಂಡವಪುರದ ಕಡೆಗೆ ತಿರುಗಿದರೆ ಮೇಲುಕೋಟೆಯ ಪುರೋಹಿತ ತಿರುನಾರಾಯಣ ನರಸಿಂಹಾಚಾರ್. ನಾವು ಕೆ.ಎಸ್.ನ. ಎನ್ನುತ್ತೇವೆ, ಪು.ತಿ.ನ. ಎನ್ನುತ್ತೇವೆ. ಈ ಮೂರು ತಾಲ್ಲೂಕುಗಳು ಕನ್ನಡಕ್ಕೆ ಕೊಟ್ಟ ಮೂವರು ಕವಿಗಳ ಹೆಸರಿನ ನಡುವೆ ಒಂದೊಂದು ಅಕ್ಷರವಾಗಿ ಅವರವರ ಅಪ್ಪ ಕುಳಿತಿದ್ದಾರೆ.

ನಮ್ಮೆಲ್ಲರ ಬದುಕಿನಲ್ಲೂ ಅಪ್ಪನ ಹೆಸರಿಗೆ ಕೊರತೆಯಿಲ್ಲ. ಶಾಲೆಯ ದಾಖಲಾತಿಯಲ್ಲಿ ಅದು ಇದೆ, ಪಹಣಿಯಲ್ಲಿ ಇದೆ, ಮದುವೆಯ ಲಗ್ನಪತ್ರಿಕೆಯಲ್ಲಿ ಮೊದಲ ಸಾಲಿನಲ್ಲಿ ಇದೆ. ತೀರಿಕೊಂಡ ಮೇಲೂ ಪೌತಿ ಖಾತೆ ಆಗುವವರೆಗೆ ಜಮೀನು ಅವನ ಹೆಸರಿನಲ್ಲೇ ಇರುತ್ತದೆ. ಇಷ್ಟು ದೊಡ್ಡ ಹೆಸರುಳ್ಳ ಮನುಷ್ಯನಿಗೆ ತನ್ನ ಮಗುವಿನ ಒಂದು ದಿನ ಹೇಗೆ ಕಳೆಯುತ್ತದೆ ಎಂಬುದು ಗೊತ್ತಿದೆಯೇ? ಬೆಳಗ್ಗೆ ಅದು ಏನು ತಿಂದು ಹೋಯಿತು, ಯಾವ ಮೇಷ್ಟ್ರಿಗೆ ಹೆದರುತ್ತದೆ, ರಾತ್ರಿ ಯಾಕೆ ಎದ್ದು ಅಳುತ್ತದೆ? ಇವತ್ತು ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಸಂಸಾರದಲ್ಲಿ ಅಪ್ಪ ಬೇಕು ಎನ್ನುವುದು ಅವನ ಹೆಸರಿಗಾಗಿಯೋ ಅಧಿಕಾರಕ್ಕಾಗಿಯೋ ಅಲ್ಲ. ಅವನ ಕೈ, ಅವನ ಕಣ್ಣು, ಅವನ ಹೊತ್ತು ಮಗುವಿಗೆ ಸಿಗಬೇಕು ಎಂಬ ಕಾರಣಕ್ಕೆ ಅವನು ಬೇಕು. ನಮ್ಮ ಸೀಮೆಯಲ್ಲಿ ಅದು ಸಿಗದೆ ಹೋಗಿರುವುದಕ್ಕೆ ಕಾರಣಗಳಿವೆ, ಅವುಗಳಲ್ಲಿ ಕೆಲವನ್ನು ನಾವೇ ಸರಿಪಡಿಸಬಹುದು.

ಮೊದಲಿನಿಂದಲೇ ನೋಡೋಣ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೆಯ ತಿಂಗಳಿಗೋ ಒಂಬತ್ತನೆಯ ತಿಂಗಳಿಗೋ ಮಡಿಲು ತುಂಬಿಸಿ ಮಗಳನ್ನು ಕರೆದುಕೊಂಡು ಹೋಗುತ್ತಾರೆ; ಮೂರು ತಿಂಗಳು, ಕೆಲವು ಮನೆಗಳಲ್ಲಿ ಐದು ತಿಂಗಳು ಬಾಣಂತನ. ಹೆಣ್ಣಿಗೆ ಇದರಿಂದ ಸಿಗುವ ವಿಶ್ರಾಂತಿ, ತಾಯಿಯ ಕೈಯ ಎಣ್ಣೆ ನೀರು, ಹೊತ್ತುಹೊತ್ತಿನ ಪಥ್ಯದ ಊಟ ಇವುಗಳ ಬೆಲೆ ನನಗೆ ಗೊತ್ತು. ಈ ಪದ್ಧತಿಯನ್ನು ತೆಗೆದುಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಈ ತಿಂಗಳುಗಳಲ್ಲಿ ಅಪ್ಪನಾದವನ ಪಾಡೇನು? ಅವನು ಅಳಿಯನಾಗಿ ಬರುತ್ತಾನೆ. ಹಣ್ಣು, ಸಿಹಿ ತರುತ್ತಾನೆ. ಅಳಿಯಂದಿರು ಬಂದರು ಎಂದು ಚಾಪೆ ಹಾಸುತ್ತಾರೆ, ಕಾಫಿ ಕೊಡುತ್ತಾರೆ. ಅಜ್ಜಿ ಮಗುವನ್ನು ಸುತ್ತಿ ತಂದು ತೋರಿಸುತ್ತಾಳೆ. ಅದು ಅತ್ತ ಕೂಡಲೇ ಒಳಗೆ ಹೋಗುತ್ತದೆ. ಸಂಜೆ ಬಸ್ಸಿಗೆ ಅಪ್ಪನೂ ಹೊರಡುತ್ತಾನೆ. ಹೀಗೆ ಮಗುವಿನ ಮೊದಲ ತಿಂಗಳುಗಳಲ್ಲೇ ಅವನು ನೆಂಟನಾಗುತ್ತಾನೆ. ಮಗು ಮನೆಗೆ ಬರುವ ಹೊತ್ತಿಗೆ ತಾಯಿಗೆ ಎತ್ತುವುದು, ತೇಗಿಸುವುದು, ಮಲಗಿಸುವುದು ಎಲ್ಲವೂ ಬಂದಿರುತ್ತದೆ. ಅವನಿಗೆ ಯಾವುದೂ ಬಂದಿರುವುದಿಲ್ಲ. ಬರುವುದಿಲ್ಲ ಎಂದು ಅವನು ದೂರ ನಿಲ್ಲುತ್ತಾನೆ, ದೂರ ನಿಂತದ್ದಕ್ಕೆ ಕಲಿಯುವುದೂ ಇಲ್ಲ.

ಮಗು ಸಾಕುವುದು ಹೆಣ್ಣಿಗೆ ಹುಟ್ಟಿನಿಂದ ಬಂದದ್ದು, ಗಂಡಿಗೆ ಬರುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಅದನ್ನು ಹೊರಜಗತ್ತಿನ ಕೆಲವು ಅಧ್ಯಯನಗಳು ಗಟ್ಟಿಯಾಗಿ ಪ್ರಶ್ನಿಸಿವೆ. ಮಧ್ಯ ಆಫ್ರಿಕಾದ ಕಾಡುಗಳಲ್ಲಿ ಅಕಾ ಎಂಬ ಬೇಟೆಗಾರ ಜನ ಇದ್ದಾರೆ. ಬ್ಯಾರಿ ಹ್ಯೂಲೆಟ್ ಎಂಬ ಮಾನವಶಾಸ್ತ್ರಜ್ಞ ಅವರ ನಡುವೆ ಇದ್ದು ಲೆಕ್ಕ ಇಟ್ಟಾಗ, ಅಲ್ಲಿನ ಅಪ್ಪಂದಿರು ದಿನದ ಶೇ 47ರಷ್ಟು ಹೊತ್ತು ಮಗುವನ್ನು ಎತ್ತಿಕೊಂಡಿದ್ದರು ಇಲ್ಲವೇ ಅದರ ಕೈಗೆಟಕುವಷ್ಟು ಹತ್ತಿರ ಇದ್ದರು. ಫಿಲಿಪ್ಪೀನ್ಸ್‌ನ ಸೆಬು ಎಂಬಲ್ಲಿ 600ಕ್ಕೂ ಹೆಚ್ಚು ಗಂಡಸರ ರಕ್ತದೊಳಗಿನ ಟೆಸ್ಟೊಸ್ಟೆರಾನ್ ಎಂಬ ಗಂಡು ಹಾರ್ಮೋನನ್ನು ಅಳೆದು, ಕೆಲವು ವರ್ಷ ಕಳೆದು ಮತ್ತೆ ಅಳೆದರು. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಕಂಡದ್ದು ಇದು: ಅಪ್ಪನಾದವರಲ್ಲಿ ಆ ಹಾರ್ಮೋನು ಚೆನ್ನಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಮಗುವಿನ ಆರೈಕೆ ಮಾಡುತ್ತಿದ್ದವರಲ್ಲಿ ಅದು, ಆರೈಕೆಗೆ ಕೈಹಾಕದವರಿಗಿಂತ ಕಡಿಮೆ ಇತ್ತು. ಮಗುವನ್ನು ಎತ್ತಿಕೊಂಡ ಗಂಡಸಿನ ಮೈಯೇ ಆ ಕೆಲಸಕ್ಕೆ ಒಗ್ಗಿಕೊಳ್ಳುತ್ತದೆ. ಪ್ರಕೃತಿ ಅವನನ್ನು ಹೊರಗೆ ನಿಲ್ಲಿಸಿಲ್ಲ. ನಿಲ್ಲಿಸಿರುವುದು ನಮ್ಮ ರೂಢಿ.

ಇಲ್ಲೇ ಪಕ್ಕದ ಬಿ.ಜಿ. ನಗರದಲ್ಲಿ 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಇದೆ. ಸುತ್ತಿನ ತಾಲ್ಲೂಕುಗಳ ಜನ ಅದನ್ನು ನೆಚ್ಚಿಕೊಂಡಿದ್ದಾರೆ. ವೈದ್ಯ ವಿದ್ಯಾರ್ಥಿಗಳು ಈ ಸಭೆಯಲ್ಲಿದ್ದರೆ ಅವರಿಗೆ ಒಂದು ಮಾತು. ತೂಕ ಕಡಿಮೆ ಇರುವ ಮಗುವನ್ನು ಬರಿಯ ಎದೆಗೆ ಒರಗಿಸಿ ಬೆಚ್ಚಗೆ ಇಡುವ ಕಾಂಗರೂ ಆರೈಕೆ ನಿಮಗೆ ಗೊತ್ತು. ತಾಯಿ ಸುಸ್ತಾಗಿ ಮಲಗಿದ್ದಾಗ ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ ಎಂಬುದೂ ನಿಮಗೆ ಗೊತ್ತು. ಅದನ್ನು ಹೊರಗೆ ಕಾರಿಡಾರಿನಲ್ಲಿ ನಿಂತಿರುವ ಆ ಹುಡುಗನಿಗೆ ಹೇಳಿ. ಅಂಗಿ ಬಿಚ್ಚಿ ಮಗುವನ್ನು ಎದೆಗೆ ಇಟ್ಟುಕೊಳ್ಳಪ್ಪಾ ಎಂದು ಬಿಳಿಕೋಟಿನವರು ಹೇಳಿದರೆ ಅವನು ನಾಚಿಕೆ ಬಿಟ್ಟು ಕೇಳುತ್ತಾನೆ. ಮನೆಯವರು ಹೇಳಿದರೆ ಕೇಳುವುದಿಲ್ಲ.

ಬಾಣಂತಿಯ ಮನಸ್ಸಿನ ವಿಚಾರವನ್ನೂ ಇಲ್ಲೇ ಎತ್ತಬೇಕು. ಅದಕ್ಕೆ ಬೆಳ್ಳೂರಿನ ಮನೆತನದವರೇ ಒಬ್ಬರು ನನಗೆ ದಾರಿ ಮಾಡಿಕೊಟ್ಟಿದ್ದಾರೆ. ಬಿ.ಎಂ.ಶ್ರೀ ಅವರ ತಮ್ಮ ಬಿ.ಎಂ. ಕೃಷ್ಣಸ್ವಾಮಿಯವರ ಮಗಳು ಅನಸೂಯಾ, ಕನ್ನಡಿಗರ ತ್ರಿವೇಣಿ. ಹೆಣ್ಣುಮಕ್ಕಳನ್ನು ಹೈಸ್ಕೂಲು ದಾಟಿಸುವುದೇ ದೊಡ್ಡ ಮಾತಾಗಿದ್ದ ಕಾಲದಲ್ಲಿ ಆಕೆ ಮನಶ್ಶಾಸ್ತ್ರ ಓದಿ ಪದವೀಧರೆಯಾದರು, ಚಿನ್ನದ ಪದಕವನ್ನೂ ಪಡೆದರು. ತಂಗಿ ಆರ್ಯಾಂಬ ಪಟ್ಟಾಭಿಯವರೂ ಲೇಖಕಿಯಾದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಬರೆಯುವವರಾಗಬೇಕಾದರೆ ಆ ಮನೆಯಲ್ಲಿ ಅಪ್ಪ ಎಂಬಾತ ಹೇಗಿದ್ದಿರಬೇಕು ಎಂದು ಯೋಚಿಸುವುದು ನನಗೆ ಇಷ್ಟ. ಆ ಕಾಲದ ಮನೆಗಳಲ್ಲಿ ಅಪ್ಪ ಬೇಡ ಎಂದರೆ ಓದು ಅಲ್ಲಿಗೆ ನಿಲ್ಲುತ್ತಿತ್ತು.

ಆ ತ್ರಿವೇಣಿ ‘ಶರಪಂಜರ’ ಬರೆದರು. ಪುಟ್ಟಣ್ಣ ಕಣಗಾಲರು 1971ರಲ್ಲಿ ಅದನ್ನು ಸಿನಿಮಾ ಮಾಡಿದ್ದರಿಂದ, ಓದದವರಿಗೂ ಕಾವೇರಿಯ ಕಥೆ ಗೊತ್ತು. ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಬರುತ್ತಾಳೆ. ಆದರೆ ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ, ಗಂಡನೂ ಒಪ್ಪುವುದಿಲ್ಲ. ಕಾವೇರಿಯಾಗಿ ಕಲ್ಪನಾ ಅವರ ಅಭಿನಯವನ್ನು ಇವತ್ತಿಗೂ ಜನ ಕೊಂಡಾಡುತ್ತಾರೆ. ನನ್ನ ಗಮನ ಹೋಗುವುದು ಆ ಗಂಡನ ಕಡೆಗೆ. ಅವನು ಆ ಮಕ್ಕಳ ಅಪ್ಪ ಕೂಡ. ಹೆಂಡತಿಯ ಕಾಯಿಲೆಯ ಕಾಲದಲ್ಲಿ ಪಕ್ಕದಲ್ಲಿ ನಿಲ್ಲುವುದು ಮಕ್ಕಳಿಗೆ ಅಪ್ಪನಾಗುವ ಕೆಲಸದ ಒಂದು ಭಾಗ ಎಂದು ಅವನಿಗೆ ತಿಳಿಯಲಿಲ್ಲ, ಯಾರೂ ಅವನಿಗೆ ಕಲಿಸಿರಲೂ ಇಲ್ಲ. ಇದು ಕಾದಂಬರಿಗೆ ಸೀಮಿತವಾದ ಸಂಗತಿಯಲ್ಲ. ಭಾರತದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಬಂತು. ಅದರ ಪ್ರಕಾರ ಹೆತ್ತ ತಾಯಂದಿರಲ್ಲಿ ಸುಮಾರು ಶೇ 22ರಷ್ಟು ಮಂದಿ ಹೆರಿಗೆಯ ನಂತರದ ಖಿನ್ನತೆಗೆ ಒಳಗಾಗುತ್ತಾರೆ. ಐದು ಜನರಲ್ಲಿ ಒಬ್ಬರಿಗಿಂತ ಹೆಚ್ಚು. ನಮ್ಮಲ್ಲಿ ಇದಕ್ಕೆ ಶೀತ ಅನ್ನುತ್ತಾರೆ, ದೃಷ್ಟಿ ಅನ್ನುತ್ತಾರೆ, ಗಾಳಿ ಅನ್ನುತ್ತಾರೆ. ಗಂಡನಾದವನು ವಾರಕ್ಕೊಮ್ಮೆ ನೆಂಟನ ಹಾಗೆ ಬಂದುಹೋದರೆ ಅವಳ ಕಣ್ಣಿನಲ್ಲಿ ಆದ ಬದಲಾವಣೆ ಅವನಿಗೆ ಹೇಗೆ ತಿಳಿದೀತು? ತ್ರಿವೇಣಿಯವರು ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು ಎಂಬುದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ.

ಇನ್ನು ಅಪ್ಪಂದಿರು ಎಲ್ಲಿ ಹೋದರು ಎಂಬ ಪ್ರಶ್ನೆಗೆ ಬರುತ್ತೇನೆ. ಅದರ ಉತ್ತರ ನಮ್ಮ ನೆಲದಲ್ಲೇ ಇದೆ. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಶುರುವಾಯಿತು, 1932ರ ಹೊತ್ತಿಗೆ ಮುಗಿಯಿತು. ನಾಲೆ ಹರಿದ ಕಡೆ ಗದ್ದೆಯಾಯಿತು, ಕಬ್ಬು ಬಂತು, ಆಲೆಮನೆ ಬಂತು, ಸಕ್ಕರೆ ಕಾರ್ಖಾನೆ ಬಂತು. ಶ್ರೀರಂಗಪಟ್ಟಣ, ಪಾಂಡವಪುರದ ಬಹುಭಾಗ ಹಸಿರಾಯಿತು. ನಾಗಮಂಗಲಕ್ಕೆ ಆ ಭಾಗ್ಯ ಬರಲಿಲ್ಲ. ರಾಗಿ, ಹುರುಳಿ, ತೆಂಗು, ಆಕಾಶ ನೋಡುವ ಬೇಸಾಯ. ಆದ್ದರಿಂದ ಇಲ್ಲಿನ ಅಪ್ಪಂದಿರು ಬೆಂಗಳೂರಿಗೆ ಹೋದರು. ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಹತ್ತಿದರೆ ನೂರು ಕಿಲೋಮೀಟರಿನ ಆಸುಪಾಸು. 2017ರಲ್ಲಿ ಹಾಸನದ ರೈಲು ದಾರಿ ತೆರೆದ ಮೇಲೆ ಬಿ.ಜಿ. ನಗರದ ನಿಲ್ದಾಣವೂ ಬಂತು. ಹೋಟೆಲು, ಆಟೋ, ಗಾರ್ಮೆಂಟ್ಸು, ಸೆಕ್ಯುರಿಟಿ ಕೆಲಸ, ಕಟ್ಟಡದ ಕೆಲಸ. ಶನಿವಾರ ರಾತ್ರಿ ಬರುವುದು, ಸೋಮವಾರ ಕೋಳಿ ಕೂಗುವ ಹೊತ್ತಿಗೆ ಹೊರಡುವುದು.

ಕೃಷ್ಣರಾಜಪೇಟೆಯವರು ಇನ್ನೂ ದೂರ ಹೋದರು. ಮುಂಬೈಯಲ್ಲಿ ನಮ್ಮ ಜನ ಎಷ್ಟಿದ್ದಾರೆ ಎಂಬುದು ನಾಡಿಗೆಲ್ಲ ಗೊತ್ತಾದದ್ದು 2020ರ ಮೇ ತಿಂಗಳಿನಲ್ಲಿ. ಲಾಕ್‌ಡೌನಿನ ನಡುವೆ ಅವರು ಊರಿಗೆ ಹಿಂದಿರುಗಿದರು. ಮಂಡ್ಯ ಜಿಲ್ಲೆಯ ಕೊರೊನಾ ಪ್ರಕರಣಗಳಲ್ಲಿ ದೊಡ್ಡ ಪಾಲು ಮುಂಬೈಯಿಂದ ಬಂದವರದ್ದಾಗಿತ್ತು, ಅದರಲ್ಲೂ ಕೆ.ಆರ್.ಪೇಟೆ ತಾಲ್ಲೂಕಿನವರದ್ದು. ಶಾಲೆಗಳಲ್ಲಿ, ಹಾಸ್ಟೆಲುಗಳಲ್ಲಿ ಅವರನ್ನು ಕ್ವಾರಂಟೈನ್ ಮಾಡಿದರು. ಊರಿನವರು ಹೆದರಿದರು, ಕೆಲವು ಕಡೆ ಬಿರುಸಾಗಿಯೂ ನಡೆದುಕೊಂಡರು. ನಾನು ಆಗ ಅಂದುಕೊಂಡದ್ದು ಬೇರೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹಣ ಮಾತ್ರ ಕಳಿಸುತ್ತಿದ್ದ ಅಪ್ಪಂದಿರು ಮಕ್ಕಳ ಕಣ್ಣೆದುರು ಬಂದು ನಿಂತಾಗ ಆ ಮಕ್ಕಳಿಗೆ ಏನನ್ನಿಸಿರಬೇಕು? ಹತ್ತಿರ ಹೋಗಬಾರದು ಎಂದು ಬೇರೆ ಹೇಳಿದ್ದರು.

ದೂರದಲ್ಲಿ ದುಡಿಯುವ ಅಪ್ಪನನ್ನು ನಾನು ದೂರುತ್ತಿಲ್ಲ. ಹೊಟ್ಟೆಪಾಡಿಗೆ ಹೋದವನು ಅವನು. ಊರಲ್ಲಿ ಉಳಿದ ತಾಯಿ ಹೊಲ, ಹಸು, ಡೇರಿಗೆ ಹಾಲು, ಮಕ್ಕಳು, ಅತ್ತೆಮಾವ ಎಲ್ಲವನ್ನೂ ನೋಡಿಕೊಂಡು ಅವನ ಪಾಲಿನ ಕೆಲಸವನ್ನೂ ಮಾಡುತ್ತಿದ್ದಾಳೆ ಎಂಬುದನ್ನು ಮಾತ್ರ ಅವನು ಮರೆಯಬಾರದು. ಅವನಿಗೂ ಹಾದಿಗಳಿವೆ. ದಿನಾ ರಾತ್ರಿ ಫೋನಿನಲ್ಲಿ ಹೆಂಡತಿಯೊಂದಿಗೆ ದುಡ್ಡಿನ ಲೆಕ್ಕ ಮುಗಿಸಿ ಇಡುವ ಬದಲು, ಮಗನಿಗೋ ಮಗಳಿಗೋ ಕೊಡು ಎಂದು ಹೇಳಿ ಇವತ್ತು ಶಾಲೆಯಲ್ಲಿ ಏನು ನಡೆಯಿತು ಎಂದು ಕೇಳಬಹುದು. ಊರಿಗೆ ಬಂದ ಭಾನುವಾರವನ್ನು ಅರಳೀಕಟ್ಟೆಯಲ್ಲೋ ಬಾರಿನಲ್ಲೋ ಕಳೆಯದೆ ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೊಲಕ್ಕೆ ಹೋಗಿಬರಬಹುದು. ಕುಡಿತದ ಮಾತು ಎತ್ತಿದ್ದರಿಂದ ಇಷ್ಟು ಹೇಳಿ ಮುಂದೆ ಹೋಗುತ್ತೇನೆ: ಅಪ್ಪ ಮನೆಗೆ ಬರುವ ಸದ್ದಿಗೆ ಮಕ್ಕಳು ಪುಸ್ತಕ ಮಡಚಿ ಮೂಲೆ ಸೇರುವ ಮನೆಗಳು ನಮ್ಮ ಊರುಗಳಲ್ಲಿವೆ, ಅಲ್ಲಿ ಅಪ್ಪ ಎದುರಿಗಿದ್ದರೂ ಮಕ್ಕಳಿಗೆ ಸಿಕ್ಕಿಲ್ಲ.

ನೀರಾವರಿಯ ಊರುಗಳಲ್ಲಿ ಅಪ್ಪ ಮನೆಯಲ್ಲೇ ಇದ್ದಾನೆ. ಅಲ್ಲಿನ ಸಂಕಟ ಸಾಲದ್ದು. 2015ರಲ್ಲಿ ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರರ ಆತ್ಮಹತ್ಯೆಗಳು ಒಂದರ ಹಿಂದೆ ಒಂದರಂತೆ ಸುದ್ದಿಯಾದವು. ಪಾಂಡವಪುರ ತಾಲ್ಲೂಕಿನ ರೈತರೊಬ್ಬರು ತಮ್ಮ ಕಬ್ಬಿನ ಗದ್ದೆಗೇ ಬೆಂಕಿ ಹಾಕಿ ಅದರಲ್ಲಿ ಬೆಂದುಹೋದ ಸುದ್ದಿ ಓದಿದ ದಿನ ಊಟ ಸೇರಲಿಲ್ಲ. ಬೆಲೆ, ಬಾಕಿ, ಬ್ಯಾಂಕು, ಕೈಸಾಲ ಇವೆಲ್ಲ ಕಾರಣಗಳು, ಅವಕ್ಕೆ ಸರ್ಕಾರ ಉತ್ತರ ಕೊಡಬೇಕು. ಮನೆಯೊಳಗೆ ನಾವು ನೋಡಬೇಕಾದ ಇನ್ನೊಂದು ಮುಖವೂ ಇದೆ. ಇಂಥ ಸಾವಿನ ನಂತರ ಹೆಂಡತಿ ಮಕ್ಕಳು ಹೇಳುವ ಮಾತು ಬಹಳ ಸಲ ಒಂದೇ: ಇಷ್ಟು ಸಾಲ ಇತ್ತು ಅಂತ ನಮಗೆ ಗೊತ್ತೇ ಇರಲಿಲ್ಲ. ಅಪ್ಪ ಎಂದರೆ ಎಲ್ಲವನ್ನೂ ಒಬ್ಬನೇ ಹೊರುವವನು, ಮಕ್ಕಳೆದುರು ಅಳಬಾರದವನು, ಹೆಂಡತಿಗೆ ಲೆಕ್ಕ ಹೇಳಬೇಕಿಲ್ಲದವನು ಎಂದು ನಾವೇ ಅವನನ್ನು ಬೆಳೆಸಿದ್ದೇವೆ. ಸಾಲ ಇದೆ ಎಂದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೇಳಿದರೆ ಅಪ್ಪನ ಮರ್ಯಾದೆ ಹೋಗುವುದಿಲ್ಲ. ಹತ್ತನೆಯ ತರಗತಿಯ ಹುಡುಗಿಗೆ ಬಡ್ಡಿಯ ಲೆಕ್ಕ ಚೆನ್ನಾಗಿಯೇ ಬರುತ್ತದೆ. ಈ ವರ್ಷ ಮದುವೆಗೆ ಚಪ್ಪರ ದೊಡ್ಡದು ಬೇಡ, ಬೋರ್‌ವೆಲ್ ಮೂರನೆಯದು ಬೇಡ ಎಂದು ಹೇಳುವ ಧೈರ್ಯ ಹೆಂಡತಿಗೆ ಇರುತ್ತದೆ, ಅವಳನ್ನು ಕೇಳಿದರೆ. ಮಕ್ಕಳಿಗೆ ಅಪ್ಪನ ಗೆಲುವಿಗಿಂತ ಅಪ್ಪ ಬದುಕಿರುವುದು ದೊಡ್ಡದು.

ಈಗ ಹೇಳಲಿಕ್ಕೆ ಕಷ್ಟವಾದ ವಿಷಯಕ್ಕೆ ಬರುತ್ತೇನೆ. 2022ರ ನವೆಂಬರಿನಲ್ಲಿ ಇಲ್ಲೇ ಆದಿಚುಂಚನಗಿರಿಯಲ್ಲಿ ಒಕ್ಕಲಿಗ ಸಮುದಾಯದ ವಧುವರರ ಸಮಾವೇಶ ನಡೆಯಿತು. ಹತ್ತು ಸಾವಿರಕ್ಕೂ ಹೆಚ್ಚು ಹುಡುಗರು ಬಂದಿದ್ದರೆ, ಹುಡುಗಿಯರು ಇನ್ನೂರೈವತ್ತರಷ್ಟು ಎಂದು ಪತ್ರಿಕೆಗಳು ಬರೆದವು. ಮರುವರ್ಷದ ಫೆಬ್ರುವರಿಯಲ್ಲಿ ಮದ್ದೂರು ತಾಲ್ಲೂಕಿನ ಅವಿವಾಹಿತ ಹುಡುಗರು ಹೆಣ್ಣು ಸಿಗಲಪ್ಪಾ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಅದೇ 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಭ್ರೂಣಲಿಂಗ ಪತ್ತೆ ಜಾಲದ ಬೇರು ಮಂಡ್ಯ ಬಳಿಯ ಆಲೆಮನೆಯೊಂದರಲ್ಲಿ ಸಿಕ್ಕಿತು. ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಯಂತ್ರ. 2024ರ ಮೇ ತಿಂಗಳಿನಲ್ಲಿ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಗರ್ಭಪಾತ ನಡೆದದ್ದು ಬಯಲಾಯಿತು. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾಯ್ದೆ 1994ರಿಂದ ಇದೆ, 2003ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಹುಡುಗಿಯರು ಸಮಾವೇಶಕ್ಕೆ ಬಾರದಿರಲು ಬೇರೆ ಕಾರಣಗಳೂ ಇವೆ. ಓದಿದ ಹುಡುಗಿ ಬೇಸಾಯದ ಮನೆ ಬೇಡ ಎನ್ನುತ್ತಾಳೆ, ಅವಳ ಅಪ್ಪನೂ ಬೇಡ ಎನ್ನುತ್ತಾನೆ. ಹಾಗಿದ್ದರೂ ಆ ಮೈದಾನದಲ್ಲಿ ನಿಂತ ಹುಡುಗರ ಸಾಲಿಗೂ ಆಲೆಮನೆಯ ಆ ಯಂತ್ರಕ್ಕೂ ಇರುವ ನಂಟನ್ನು ಕಾಣದೆ ಇರಲಾರೆವು.

ಇಂಥ ಸುದ್ದಿ ಬಂದಾಗಲೆಲ್ಲ ಅತ್ತೆಯ ಕಾಟ, ತಾಯಿಯ ಅಸಹಾಯಕತೆ, ವೈದ್ಯರ ದುರಾಸೆ ಇವೆಲ್ಲ ಚರ್ಚೆಯಾಗುತ್ತವೆ. ಅಪ್ಪನ ಹೆಸರು ಯಾಕೆ ಬರುವುದಿಲ್ಲ? ಬಸುರಿಯನ್ನು ಕಾರಿನಲ್ಲಿ ಕೂರಿಸಿ ಆ ಆಲೆಮನೆಗೆ ಕರೆದೊಯ್ದವರು ಯಾರು, ಹಣ ಹೊಂದಿಸಿದವರು ಯಾರು? ಮತ್ತೆ ಹೆಣ್ಣು ಎಂದಾಗ ‘ಇರಲಿ, ನನ್ನ ಮಗಳು’ ಎಂದು ಒಬ್ಬ ಗಂಡಸು ಹೇಳಿದ್ದರೆ ಅತ್ತೆಯ ಬಾಯೂ ಮುಚ್ಚುತ್ತಿತ್ತು, ದಲ್ಲಾಳಿಯೂ ಬಾಗಿಲಿಗೆ ಬರುತ್ತಿರಲಿಲ್ಲ. ನಮ್ಮ ಮನೆಗಳಲ್ಲಿ ಅಪ್ಪನ ಮಾತಿಗೆ ಇರುವ ತೂಕ ಅಷ್ಟಿದೆ. ಆ ತೂಕವನ್ನು ಎಲ್ಲಿ ಬಳಸಬೇಕೆಂದು ಯಾರಾದರೂ ಕೇಳಿದರೆ ನಾನು ಮೊದಲು ಈ ಜಾಗವನ್ನೇ ತೋರಿಸುತ್ತೇನೆ.

ಮಗಳು ಹುಟ್ಟಿ ಬೆಳೆದ ಮೇಲೂ ಅಪ್ಪನ ಪರೀಕ್ಷೆ ಮುಗಿಯುವುದಿಲ್ಲ. ಮೈಸೂರು ಸಂಸ್ಥಾನ 1933ರಷ್ಟು ಹಿಂದೆಯೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ತಂದಿತು. ಕರ್ನಾಟಕ 1994ರಲ್ಲಿ ಮಗಳಿಗೂ ಪಿತ್ರಾರ್ಜಿತದಲ್ಲಿ ಮಗನಷ್ಟೇ ಪಾಲು ಕೊಟ್ಟಿತು; ಕೇಂದ್ರ ಅದನ್ನು 2005ರಲ್ಲಿ ಮಾಡಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ವಿನೀತಾ ಶರ್ಮಾ ಪ್ರಕರಣದಲ್ಲಿ, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಹೇಳಿತು. ಇಷ್ಟೆಲ್ಲ ಆದಮೇಲೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಗೊತ್ತು. ಅಪ್ಪ ಸತ್ತ ಮೇಲೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಕರೆಸಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಅರಿಶಿನ ಕುಂಕುಮಕ್ಕೆ ಎಂದು ಒಂದಿಷ್ಟು ಕೊಡುತ್ತಾರೆ. ಸಹಿ ಹಾಕದಿದ್ದರೆ ತವರು ಮುಚ್ಚುತ್ತದೆ. ಈ ಜಗಳವನ್ನು ತಪ್ಪಿಸುವ ಶಕ್ತಿ ಒಬ್ಬನಿಗಿತ್ತು, ಅವನು ಬಾಯಿಬಿಡದೆ ಹೋದ. ಬದುಕಿದ್ದಾಗಲೇ ಮಕ್ಕಳನ್ನೆಲ್ಲ ಕೂರಿಸಿ, ಇದು ಇವಳದು ಎಂದು ಅಪ್ಪ ಹೇಳಿ ಬರೆದಿಟ್ಟಿದ್ದರೆ ಅಣ್ಣನಿಗೂ ತಂಗಿಗೂ ಕೋರ್ಟಿನ ಮೆಟ್ಟಿಲು ತಪ್ಪುತ್ತಿತ್ತು.

ಗಂಡುಮಕ್ಕಳ ವಿಚಾರದಲ್ಲೂ ಒಂದು ಮಾತು. ನಮ್ಮ ಊರುಗಳಲ್ಲಿ ಕುರುಕ್ಷೇತ್ರ ನಾಟಕ ರಾತ್ರಿಯಿಡೀ ನಡೆಯುತ್ತದೆ. ಊರಿನ ರೈತರೇ ಕಿರೀಟ ಕಟ್ಟಿ ಹಾಡುತ್ತಾರೆ. ಜನ ಕೃಷ್ಣನಿಗೆ ಕೈಮುಗಿಯುತ್ತಾರೆ, ದುರ್ಯೋಧನನ ಕಂದಕ್ಕೆ ಶಿಳ್ಳೆ ಹಾಕುತ್ತಾರೆ. ಆ ರಂಗದ ಮೇಲೆ ಧೃತರಾಷ್ಟ್ರನೂ ಇದ್ದಾನೆ. ಮಗನ ಮೇಲಿನ ಮಮತೆಯಲ್ಲಿ ಒಂದು ಸಲವೂ ಗಟ್ಟಿಯಾಗಿ ಬೇಡ ಎನ್ನಲಾರದ ಅಪ್ಪ. ಒಂದೇ ಮಗ ಎಂದು ಕೇಳಿದ ಬೈಕು ಕ್ಷಣದಲ್ಲಿ ಕೊಡಿಸುವ, ತಿಂದ ತಟ್ಟೆಯನ್ನೂ ಎತ್ತಿಸದ, ಅಕ್ಕನ ಮೇಲೆ ಕೈಮಾಡಿದಾಗ ಹುಡುಗ ಅಲ್ಲವೇ ಎಂದು ಬಿಟ್ಟುಬಿಡುವ ಅಪ್ಪಂದಿರು ಆ ನಾಟಕವನ್ನು ಮತ್ತೊಮ್ಮೆ ನೋಡಬೇಕು. ಬೇಡ ಎನ್ನುವುದು ಅಪ್ಪನ ಕೆಲಸ. ಅಡುಗೆಮನೆಯಲ್ಲಿ ತಾನೇ ಎಸರಿಗಿಟ್ಟು ಹಿಟ್ಟು ತೊಳಸುವುದನ್ನು ಮಗನಿಗೆ ತೋರಿಸುವುದೂ ಅಪ್ಪನ ಕೆಲಸವೇ. ಓದಿದ ಹುಡುಗಿಯರು ನಮ್ಮ ಹುಡುಗರನ್ನು ಒಪ್ಪುತ್ತಿಲ್ಲ ಎಂದು ಕೊರಗುವಾಗ, ಅವರು ಬೇಡವೆನ್ನುವುದು ಹೊಲವನ್ನೋ ಅಥವಾ ಆ ಮನೆಯೊಳಗೆ ತಾವು ಮಾಡಬೇಕಾದ ದುಡಿಮೆಯನ್ನೋ ಎಂದು ಕೇಳಿ ನೋಡಿ.

ಆ ದುಡಿಮೆಯ ಲೆಕ್ಕ ಇದೆ. 2019ರಲ್ಲಿ ಕೇಂದ್ರ ಸರ್ಕಾರದ ಅಂಕಿಅಂಶ ಕಚೇರಿ ಇಡೀ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂಬ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕುವ ಹೆಂಗಸರು ಶೇ 81.2, ಗಂಡಸರು ಶೇ 26.1. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆ ಮಾಡುವ ಹೆಂಗಸರು ಶೇ 27.6, ಗಂಡಸರು ಶೇ 14. ಆರೈಕೆ ಮಾಡುವ ಗಂಡಸು ಅದಕ್ಕೆ ದಿನಕ್ಕೆ 76 ನಿಮಿಷ ಕೊಟ್ಟರೆ ಹೆಂಗಸು 134 ನಿಮಿಷ ಕೊಡುತ್ತಾಳೆ. ಕಾನೂನೂ ಇದೇ ದಾರಿಯಲ್ಲಿದೆ. 2017ರ ತಿದ್ದುಪಡಿಯಿಂದ ತಾಯಿಗೆ 26 ವಾರಗಳ ಹೆರಿಗೆ ರಜೆ ಇದೆ, ಅದು ಒಳ್ಳೆಯದೇ. ಅಪ್ಪನಾದ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ. ಖಾಸಗಿ ಕೆಲಸದವನಿಗೆ ರಜೆ ಕೊಡಲೇಬೇಕೆಂಬ ಕಾನೂನೇ ಇಲ್ಲ. ಸ್ವೀಡನ್ ದೇಶ 1974ರಲ್ಲೇ ಹೆರಿಗೆ ರಜೆಯನ್ನು ತಂದೆತಾಯಿ ಇಬ್ಬರೂ ಹಂಚಿಕೊಳ್ಳುವ ರಜೆಯಾಗಿ ಬದಲಿಸಿತು. ಅಪ್ಪಂದಿರು ತಮ್ಮ ಪಾಲನ್ನು ತೆಗೆದುಕೊಳ್ಳುತ್ತಿಲ್ಲ ಎಂದು ಕಂಡಾಗ 1995ರಲ್ಲಿ ಒಂದು ತಿಂಗಳನ್ನು ಅಪ್ಪನಿಗೆಂದೇ ತೆಗೆದಿಟ್ಟಿತು. ಅವನು ಬಳಸದಿದ್ದರೆ ಆ ತಿಂಗಳು ಕಳೆದುಹೋಗುತ್ತದೆ. ಗಾರ್ಮೆಂಟ್ಸಿನಲ್ಲಿ, ಹೋಟೆಲಿನಲ್ಲಿ ದುಡಿಯುವ ನಮ್ಮ ಹುಡುಗನಿಗೆ ಅಂಥ ರಜೆ ಕೇಳುವುದು ಅತಿಯಾಸೆ ಎಂದು ನಾನು ಭಾವಿಸುವುದಿಲ್ಲ.

ಅಪ್ಪ ಇಲ್ಲದ ಮಕ್ಕಳೂ ಈ ಸಭೆಯಲ್ಲಿ ಇರಬಹುದು, ಒಬ್ಬರೇ ಮಕ್ಕಳನ್ನು ಸಾಕುತ್ತಿರುವ ತಾಯಂದಿರೂ ಇರಬಹುದು. ನನ್ನ ಮಾತು ಅವರಿಗೆ ನೋವಾಗಬಾರದು. ವಿಶ್ವೇಶ್ವರಯ್ಯನವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ಕುವೆಂಪು ಕೂಡ ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ವಿಶ್ವೇಶ್ವರಯ್ಯನವರಿಗೆ ತಾಯಿಯ ಜೊತೆಗೆ ಸೋದರಮಾವ ಆಸರೆಯಾದರು. ಹೀಗೆ ಅಪ್ಪನ ಜಾಗಕ್ಕೆ ಮಾವನೋ, ತಾತನೋ, ಒಬ್ಬ ಮೇಷ್ಟ್ರೋ ಬಂದು ನಿಂತ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮುಂದೆ ಕುವೆಂಪು ಎಂಥ ತಂದೆಯಾದರು ಎಂಬುದನ್ನು ಅವರ ಮಗ ತೇಜಸ್ವಿ ‘ಅಣ್ಣನ ನೆನಪು’ ಪುಸ್ತಕದಲ್ಲಿ, ಮಗಳು ತಾರಿಣಿಯವರು ‘ಮಗಳು ಕಂಡ ಕುವೆಂಪು’ವಿನಲ್ಲಿ ಬರೆದಿದ್ದಾರೆ. ತನಗೆ ಸಿಗದಿದ್ದನ್ನು ಮಕ್ಕಳಿಗೆ ಕೊಡುವುದು ಸಾಧ್ಯ. ಒಂಟಿ ತಾಯಿಗೆ ಕಾನೂನಿನ ಬೆಂಬಲವೂ ಇದೆ: ಮಗುವಿನ ಸಹಜ ಪೋಷಕನ ಸ್ಥಾನದಲ್ಲಿ ಅಪ್ಪನ ‘ನಂತರ’ ತಾಯಿ ಎಂದು 1956ರ ಕಾಯ್ದೆ ಹೇಳಿದ್ದನ್ನು, ಅಪ್ಪ ಸತ್ತ ನಂತರ ಎಂದಷ್ಟೇ ಓದಬೇಕಿಲ್ಲ, ಅವನು ಮಗುವಿನ ಹೊಣೆ ಹೊರದೆ ಇದ್ದಾಗಲೂ ತಾಯಿಯೇ ಪೋಷಕಿ ಎಂದು ಸುಪ್ರೀಂ ಕೋರ್ಟು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಹೇಳಿದೆ. ಹೊಣೆ ಹೊತ್ತವರೇ ಪೋಷಕರು ಎಂಬ ಆ ನೋಟ ನನಗೆ ಬಹಳ ಸರಿ ಎನಿಸುತ್ತದೆ.

ಕೊನೆಯದಾಗಿ ಕೆಲವು ಕೋರಿಕೆಗಳು, ಇಲ್ಲೇ ಮಾಡಬಹುದಾದವು. ನಮ್ಮ ವ್ಯವಸ್ಥೆ ಪೂರ್ತಿಯಾಗಿ ತಾಯಿಯ ಹೆಸರಿಗೆ ಹೊಲಿದದ್ದು. ಆಸ್ಪತ್ರೆಯಲ್ಲಿ ಕೊಡುವುದು ತಾಯಿ ಕಾರ್ಡು. ಅಂಗನವಾಡಿಯಲ್ಲಿ ನಡೆಯುವುದು ತಾಯಂದಿರ ಸಭೆ. ಶಾಲೆಯ ಪೋಷಕರ ಸಭೆಗೆ ಬರುವವರೂ ತಾಯಂದಿರೇ, ಯಾಕೆಂದರೆ ಅದು ವಾರದ ನಡುವೆ, ಅಪ್ಪ ಬೆಂಗಳೂರಿನಲ್ಲಿರುವ ದಿನ ನಡೆಯುತ್ತದೆ. ಶಾಲೆಯ ಅಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಗಂಡಸರಿದ್ದಾರೆ, ಆದರೆ ಅಲ್ಲಿ ಮಾತು ಕಟ್ಟಡದ್ದು, ಅನುದಾನದ್ದು. ಶಾಲೆಯ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ: ವರ್ಷಕ್ಕೆ ಎರಡು ಸಲವಾದರೂ ಪೋಷಕರ ಸಭೆಯನ್ನು ಭಾನುವಾರ ಇಡಿ, ಅಪ್ಪನೇ ಬರಬೇಕೆಂದು ಚೀಟಿಯಲ್ಲಿ ಬರೆಯಿರಿ. ನಿಮ್ಮ ರಜೆಯ ಒಂದು ದಿನ ಹೋಗುತ್ತದೆ ಎಂದು ತಿಳಿದೂ ಕೇಳುತ್ತಿದ್ದೇನೆ. ಅಂಗನವಾಡಿಯ ಅಕ್ಕಂದಿರಲ್ಲಿ ವಿನಂತಿ: ಮಗುವಿನ ತೂಕ ಹಾಕುವಾಗ ಅಪ್ಪ ಊರಲ್ಲಿದ್ದರೆ ಅವನನ್ನೇ ಕರೆಸಿ, ತಕ್ಕಡಿಯ ಮೇಲೆ ಅವನೇ ಕೂರಿಸಲಿ, ಚುಚ್ಚುಮದ್ದಿನ ತಾರೀಕನ್ನು ಅವನ ಫೋನಿಗೂ ಹಾಕಿ. ಆಸ್ಪತ್ರೆಯವರಲ್ಲಿ ಕಾಂಗರೂ ಆರೈಕೆಯ ಮಾತನ್ನು ಆಗಲೇ ಹೇಳಿದ್ದೇನೆ. ಬೀಗರ ಮನೆಯ ಹಿರಿಯರಲ್ಲಿ ಒಂದು ಮಾತು: ಅಳಿಯ ಬಂದಾಗ ಚಾಪೆ ಹಾಸುವುದು ಸರಿ, ಕಾಫಿ ಕೊಡುವುದೂ ಸರಿ, ಆಮೇಲೆ ಮಗುವನ್ನು ಅವನ ತೊಡೆಯ ಮೇಲೆ ಹಾಕಿ ನೀವು ಒಳಗೆ ಹೋಗಿ. ಅತ್ತರೆ ಅಳಲಿ, ಎರಡು ದಿನ ಅಲ್ಲೇ ಉಳಿದು ಸಮಾಧಾನ ಮಾಡುವುದನ್ನು ಅವನು ಕಲಿಯಲಿ. ಈ ದತ್ತಿಯ ಮುಂದಿನ ವರ್ಷದ ಕಾರ್ಯಕ್ರಮವನ್ನೂ ಭಾನುವಾರವೇ ಇಡಬೇಕೆಂದು ಸಂಘಟಕರಲ್ಲಿ ಕೇಳಿಕೊಳ್ಳುತ್ತೇನೆ. ಇವತ್ತು ನಾನು ಯಾರನ್ನು ಕುರಿತು ಮಾತಾಡಿದೆನೋ ಅವರಲ್ಲಿ ಹೆಚ್ಚಿನವರು ಈ ಹೊತ್ತಿನಲ್ಲಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ.